ನಾನು ಇಡದ ಹೆಜ್ಜೆ

ದೆವ್ವ, ಗಾಳಿ, ಸೋಕು ಅಂತ ಯಾರಾದರೂ ಬಾಯಿ ತೆಗೆದರೆ ನಾನು ಎದ್ದು ಒಲೆ ಮುಂದಕ್ಕೆ ಹೋಗಿಬಿಡುತ್ತಿದ್ದೆ. ನಮ್ಮತ್ತೆ ಇಂಥವನ್ನು ಕತೆ ಕಟ್ಟಿ ಹೇಳೋರು, ನಾನು ಸೆರಗು ಬಾಯಿಗಿಟ್ಟುಕೊಂಡು ನಗೋಳು. ಬೆಟ್ಟದ ಮಾದಪ್ಪನ್ನ ನಂಬುತ್ತೀನಿ, ಕಣ್ಣಲ್ಲಿ ಕಂಡದ್ದನ್ನ ನಂಬುತ್ತೀನಿ, ಮಿಕ್ಕಿದ್ದೆಲ್ಲ ಕೆಲಸ ಇಲ್ಲದವರ ಮಾತು ಅಂದುಕೊಂಡೇ ಇಷ್ಟು ವಯಸ್ಸು ಮಾಡಿದೆ. ಹಂಗಾಗಿ ಈಗ ಬರೆಯೋದನ್ನ ನೀವು ನಂಬದೆ ಹೋದರೆ ನನಗೇನೂ ಬೇಜಾರಿಲ್ಲ. ಹೋದ ವರ್ಷ ಬೇರೆ ಯಾರಾದರೂ ಇದನ್ನ ಹೇಳಿದ್ದರೆ ನಾನೂ ಒಲೆ ಮುಂದಕ್ಕೇ ಹೋಗುತ್ತಿದ್ದೆ.

ನಾನು ಓದಿರೋದು ನಾಲ್ಕನೇ ಕ್ಲಾಸು. ಅದರ ಮೇಲೆ ಈಗ ನಿದ್ದೆ ಕೆಟ್ಟು ಕಣ್ಣು ಮೆಣಸಿನಕಾಯಿ ಆಗಿದೆ. ಮೊಮ್ಮಗಳು ಮನೆಗೆ ಬಂದಿದ್ದಾಳೆ. ರಾತ್ರಿಯೆಲ್ಲ ಅಳು, ಹಗಲೆಲ್ಲ ನಿದ್ದೆ, ಅದು ಅವಳ ಲೆಕ್ಕ; ನನಗೆ ಎರಡು ಹೊತ್ತೂ ಎಚ್ಚರ. ಬಾಣಂತಿಗೆ ನೀರು ಕಾಯಿಸೋದು, ಖಾರ ಅರೆಯೋದು, ಬಟ್ಟೆ ಹಿಂಡೋದು, ಸೊಂಟ ನನ್ನದಲ್ಲ ಅನ್ನಿಸಿಬಿಟ್ಟಿದೆ. ಆದರೂ ಆ ಕೂಸು ಒಂದು ಸಲ ಆಕಳಿಸಿದರೆ ಸಾಕು, ನಮ್ಮೂರು ಹರದನಹಳ್ಳಿಯ ಪ್ರತಿ ಬಾಗಿಲು ತಟ್ಟಿ 'ಬನ್ರೋ, ನೋಡ್ರೋ' ಅನ್ನಬೇಕು ಅನ್ನಿಸುತ್ತೆ. ನಮ್ಮ ಮಗಳು ಗೌರಿಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಿರಲಿಲ್ಲ. ಎರಡು ಸಲ ನಿಂತದ್ದು ಕೂಡ ಉಳಿಯಲಿಲ್ಲ. ಮೂರನೇದು ಇದು. ನನ್ನ ಖುಷಿ ಎಷ್ಟು ಅಂತ ಇದರಲ್ಲೇ ತಿಳ್ಕೊಳ್ಳಿ.

ಇನ್ನು ನಮ್ಮ ಯಜಮಾನರ ಸವಾರಿ ವಿಷಯ. ಹೊಲ ಮಗನ ಕೈಗೆ ಕೊಟ್ಟ ಮೇಲೆ ಅವರಿಗೆ ಬೈಕಿನ ಹುಚ್ಚು ಹತ್ತಿತು. ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು ಕಡೆ ಕಾಡಂಚಿನ ಊರುಗಳಿಗೆ ಭಾನುವಾರದ ದಿನ ಎಲ್ಲೆಲ್ಲಿಂದಲೋ ಹುಡುಗರು ಬರುತ್ತಾರೆ. ತಲೆಗೆ ಗಡಿಗೆಯಂಥ ಹೆಲ್ಮೆಟ್ಟು, ಮಂಡಿಗೆ ಚಿಪ್ಪು, ಒಳ್ಳೇ ರಸ್ತೆ ಬಿಟ್ಟು ಬೇಕೂಂತಲೇ ಕೆಸರಿಗೆ ಗಾಡಿ ಇಳಿಸುತ್ತಾರೆ. ಅದನ್ನ ಕಂಡು ಬಂದ ಇವರು, "ಇದೇನ್ ದೊಡ್ ವಿದ್ಯೇನಾ? ನಾವು ಎತ್ತು ಕಟ್ಕಂಡು ಮಾಡುದ್ದು ಇದ್ನೇ ಕಣ" ಅಂದರು. "ಎತ್ತಿಗೆ ಬುದ್ಧಿ ಇತ್ತು" ಅಂದೆ ನಾನು. ಕೇಳಲಿಲ್ಲ. ಹಳೇ ಬೈಕಿಗೆ ದಪ್ಪ ಹಲ್ಲಿನ ಟೈರು ಹಾಕಿಸಿಕೊಂಡು ಬಂದೇಬಿಟ್ಟರು.

ಗೌರಿ ಬಸುರಿ ಅಂತ ಗೊತ್ತಾದ ಮೇಲೆ ಭಾನುವಾರ ಬಂದರೆ ಸಾಕು, ಗುಂಡ್ಲುಪೇಟೆ ಆಚೆಗಿರೋ ಅವಳ ಗಂಡನ ಊರಿಗೆ ಇಬ್ಬರೂ ಹೊರಡುತ್ತಿದ್ದೆವು. ಬಸ್ಸಿತ್ತು, ಟಾರು ರಸ್ತೆ ಇತ್ತು. ಇವರು ಮಾತ್ರ ತೆರಕಣಾಂಬಿ ದಾಟಿದ ಮೇಲೆ ಹೊಲದ ದಾರಿಗೆ ಗಾಡಿ ತಿರುಗಿಸೋರು. ನಾನು ಹಿಂದೆ ಕೂತು ಒಂದು ಕೈಲಿ ಅವರ ಭುಜ, ಇನ್ನೊಂದು ಕೈಲಿ ಮಗಳಿಗೆ ಒಯ್ಯೋ ಮೊಸರಿನ ಡಬ್ಬಿ ಹಿಡಿದು ಬಯ್ಯುತ್ತಾ ಹೋಗುತ್ತಿದ್ದೆ. ಮನೆಗೆ ಬಂದ ಮೇಲೆ ಸೀರೆಯ ಕೆಸರು ಬಿಡಿಸೋಕೆ ಎರಡು ದಿನ. ಒಳಗೊಳಗೇ ಖುಷಿಯೂ ಆಗುತ್ತಿತ್ತು, ಅದನ್ನ ಅವರಿಗೆ ಹೇಳಿಲ್ಲ.

ಕೆಸರಿಗೆ ನಮ್ಮದೇ ಒಂದು ಕ್ರಮ ಇತ್ತು. ಗದ್ದೆ ಕೆಲಸ ಮಾಡಿದ ಕಾಲಿಗೆ ಕೆಳಗೆ ಗಟ್ಟಿ ಇದೆಯೋ ಇಲ್ಲವೋ ಬೇಗ ಗೊತ್ತಾಗುತ್ತೆ. ಅದಕ್ಕೇ ಕೆಸರು ಬಂದ ಕಡೆ ನಾನು ಇಳಿದು, ಚಪ್ಪಲಿ ಕೈಲಿ ಹಿಡಿದು, ಬರಿಗಾಲಲ್ಲಿ ಮುಂದೆ ನಡೀಬೇಕು. ಅವರು ನನ್ನ ಹೆಜ್ಜೆಯ ಪಕ್ಕಕ್ಕೇ ಚಕ್ರ ಬಿಟ್ಟುಕೊಂಡು ಹಿಂದೆ ಬರಬೇಕು. ಯಾವತ್ತೂ ಒಂದು ಸಲಾನೂ ಗಾಡಿ ಹೂತುಕೊಂಡಿರಲಿಲ್ಲ. ನನ್ನ ಹೆಜ್ಜೆ ಗುರುತು ಹಿಡಿಯೋದೂ ಸುಲಭ. ಅರಿಶಿನ ಅಗೆಯುವಾಗ ಗುದ್ದಲಿ ಬಿದ್ದು ಎಡಗಾಲ ಕಿರುಬೆರಳು ಅರ್ಧ ಹೋಗಿದೆ.

ಆ ಭಾನುವಾರ ಗೌರಿಯನ್ನ ಹೆರಿಗೆಗೆ ಯಾವತ್ತು ಕರಕೊಂಡು ಬರೋದು ಅಂತ ಮಾತಾಡೋಕೆ ಹೊರಟಿದ್ದೆವು. ಇನ್ನೂ ದಿನ ಇದೆ ಅಂದುಕೊಂಡಿದ್ದೆವು. ವಾರವೆಲ್ಲ ಮಳೆ ಹೊಡೆದಿತ್ತು, ಆ ದಿನವೂ ಮಧ್ಯಾಹ್ನದವರೆಗೆ ಸುರಿದು ನಿಂತಿತ್ತು. ದಾರಿಯಲ್ಲಿ ಒಂದು ಕೆರೆ ಸಿಗುತ್ತೆ. ಅದರ ಅಂಗಳದಲ್ಲಿ ನೇರ ಅಡ್ಡ ಹಾಯ್ದರೆ ಆಚೆ ದಡ. ಈಚೆ ಕಡೆ ಕೆಂಪು ಗರಸುಮಣ್ಣಿನ ದಿಬ್ಬ, ಅಂಗಳದಲ್ಲಿ ಕರೀ ಕೆಸರು. ನಡುವೆ ನೀರು ತೆಳ್ಳಗೆ ಹರಡಿಕೊಂಡು ತಟ್ಟೆ ಥರ ಹೊಳೀತಿತ್ತು.

ಗಾಡಿ ನಿಂತಿತು. ಮಡ್‌ಗಾರ್ಡಿನೊಳಗೆ ಕೆಸರು ತುಂಬಿಕೊಂಡು ಚಕ್ರ ಹಿಡಿದಿತ್ತು. ಯಜಮಾನರು ಕುಕ್ಕರಗಾಲಲ್ಲಿ ಕೂತು ಕಡ್ಡಿ ಹಾಕಿ ಕೀಳುತ್ತಾ, "ನೀ ಮುಂದುಕ್ ನಡೀತಿರು, ನಾ ಬತ್ತೀನಿ" ಅಂದರು. ನಾನು ಚಪ್ಪಲಿ ಕೈಗೆ ತಗೊಂಡೆ. ಇಳೀಬೇಕು, ಅಷ್ಟರಲ್ಲಿ ಫೋನು ಬಂತು. ಅಲ್ಲಿ ದಿಬ್ಬದ ಮೇಲೆ ಬಿಟ್ಟರೆ ಬೇರೆಲ್ಲೂ ಮಾತು ಕೇಳಲ್ಲ. ದಿಬ್ಬ ಹತ್ತಿ, ಹಿಂದಿನ ಮಗ್ಗುಲಿಗೆ ಹೋಗಿ, ಗಾಳಿಗೆ ಬೆನ್ನು ಕೊಟ್ಟು, ಇನ್ನೊಂದು ಕಿವಿ ಮುಚ್ಚಿಕೊಂಡು ನಿಂತೆ.

ಅಳಿಯ. "ಅತ್ತೆ, ಗೌರಿಗೆ ನೋವು ಸುರುವಾಗದೆ. ಗುಂಡ್ಲುಪೇಟೆ ಆಸ್ಪತ್ರೆಗೆ ಕರ್ಕಂಡ್ ಓಗ್ತಿದ್ದೀವಿ. ನೀವು ನೇರ ಅಲ್ಲಿಗೇ ಬಂದ್ಬುಡಿ" ಅಂದ. ನೀರು ಹೋಯಿತಾ, ಕೂಸು ಆಡುತ್ತಿದೆಯಾ, ಎಲ್ಲಾ ಕೇಳಿದೆ. ಮಾತಿನ ನಡುವೆ ಹಿಂದೆ ಬೈಕು ಸ್ಟಾರ್ಟ್ ಆದದ್ದು ಕೇಳಿಸಿತು. ಫೋನಿಟ್ಟು ದಿಬ್ಬ ಬಳಸಿ ಬಂದು ನೋಡಿದರೆ, ಇವರು ಕೆಸರಿನ ನಡುಮಧ್ಯೆ ಇದ್ದಾರೆ. ಅದೂ ನೇರವಾಗಿ ಹೋಗದೆ, ಬಲಕ್ಕೆ ದೊಡ್ಡದಾಗಿ ಬಳಸಿಕೊಂಡು ಹೋಗುತ್ತಿದ್ದಾರೆ. ಇದೇನು ಈ ಮನುಷ್ಯ ಹಿಂಗೆ ಸುತ್ತುಹಾಕುತ್ತಾನೆ ಅಂದುಕೊಂಡೆ.

ಆಚೆ ದಡ ಹತ್ತಿ ಗಾಡಿ ನಿಲ್ಲಿಸಿದರು. ನಿಲ್ಲಿಸಿ, ನನಗೆ ಬೆನ್ನು ಮಾಡಿ, ಆಚೆಯ ಹೊಲದ ಕಡೆ ನೋಡುತ್ತಾ ಜೋರಾಗಿ ಕೂಗಿದರು. "ಎಲ್ಲಿಗ್ ಓದೆ? ಏ ಇವ್ಳೇ, ಎಲ್ಲಿದ್ದೀಯಾ?"

"ಇಲ್ಲಿದ್ದೀನಿ!" ಅಂತ ನಾನು ಹಿಂದಿನಿಂದ ಕೂಗಿದೆ.

ಅವರು ತಿರುಗಿದರು. ಅಷ್ಟು ದೂರದಿಂದಲೂ ಆ ಮುಖ ನನಗೆ ಕಂಡಿತು. ಮದುವೆಯಾದಾಗಿನಿಂದ ಅಂಥ ಮುಖ ನಾನು ನೋಡಿರಲಿಲ್ಲ.

ಕೆಸರಿಗೆ ಇಳಿದೆ. ಟೈರಿನ ಗುರುತು ಹಸಿಯಾಗಿತ್ತು. ಅದರ ಪಕ್ಕದಲ್ಲೇ ಬರಿಗಾಲಿನ ಹೆಜ್ಜೆ, ಹೆಣ್ಣುಕಾಲು, ಬಲಕ್ಕೆ ಬಳಸಿಕೊಂಡು ಹೋಗಿತ್ತು. ಹೋದದ್ದು ಮಾತ್ರ, ವಾಪಸ್ಸು ಬಂದದ್ದಿಲ್ಲ. ಎಡಗಾಲಿನ ಗುರುತಲ್ಲಿ ಕಿರುಬೆರಳ ಜಾಗ ಅರ್ಧ. ನಾನು ಬಗ್ಗಿ ನೋಡಿದೆ, ಮುಂದಿನದನ್ನೂ ನೋಡಿದೆ, ಅದೂ ಅರ್ಧ. ನನ್ನ ಕಾಲು ನೋಡಿಕೊಂಡೆ. ದಿಬ್ಬದ ಕೆಂಪು ಮಣ್ಣು ಬಿಟ್ಟರೆ ಒಂದು ಚುಕ್ಕೆ ಕರೀ ಕೆಸರಿಲ್ಲ. ಮಗಳು ನೋವು ತಿನ್ನುತ್ತಿದ್ದಾಳೆ, ನಿಂತು ಯೋಚನೆ ಮಾಡೋ ಹೊತ್ತಲ್ಲ. ಪಕ್ಕದಲ್ಲಿ ಹೊಸದಾಗಿ ಹೆಜ್ಜೆ ಇಡೋಕೆ ಧೈರ್ಯ ಬರಲಿಲ್ಲ. ಆ ಹೆಜ್ಜೆ ಮೇಲೇ ಕಾಲಿಟ್ಟೆ. ಅಚ್ಚಿಗೆ ಬೆಲ್ಲ ಕೂತ ಹಂಗೆ ಕೂತುಕೊಂಡಿತು. ಹಂಗೇ ಒಂದೊಂದನ್ನೂ ತುಳಿದುಕೊಂಡು ಆಚೆಗೆ ಹೋದೆ.

"ಮುಂದ್ ಓಗಿದ್ದೋಳು ಯಾವಾಗ್ ವಾಪಸ್ ಓದೆ?" ಅಂದರು.

"ನಾನೆಲ್ಲಿ ಬಂದೆ? ಫೋನಲ್ಲಿದ್ದೆ. ಗೌರಿಗೆ ನೋವು ಬಂದದಂತೆ, ನಡೀರಿ" ಅಂದೆ.

ಅಷ್ಟರಲ್ಲಿ ಏರಿ ಮೇಲೆ ಆಡು ಮೇಯಿಸುತ್ತಿದ್ದ ಹೆಂಗಸೊಬ್ಬಳು ಇಳಿದು ಬಂದಳು. "ಅಲ್ಲಾ ಕಣಣ್ಣ, ಸುತ್ತಾಕಂಡ್ ಬರ್ಬೇಕು ಅಂತ ನಿಂಗ್ಯಾರೇಳುದ್ರು? ನಾ ಕೂಗ್ಬೇಕು ಅನ್ನಗಂಟ ನೀನೇ ತಿರುಗುಸ್ಬುಟ್ಟೆ" ಅಂದಳು. ನಾವು ಪ್ರತಿ ಭಾನುವಾರ ಹಾಯುತ್ತಿದ್ದ ದಾರಿಯಲ್ಲೇ, ನೀರು ತಟ್ಟೆ ಥರ ಹೊಳೀತಿತ್ತಲ್ಲ, ಅಲ್ಲೇ ಆ ವಾರದಲ್ಲಿ ಯಾರೋ ಜೆಸಿಬಿ ತಂದು ಹೊಲಕ್ಕೆ ಗೋಡುಮಣ್ಣು ತೆಗೆದಿದ್ದರಂತೆ. ಆಳುದ್ದದ ಗುಂಡಿ. ಬೆಳಿಗ್ಗೆ ಅವಳ ಆಡೊಂದು ಬಿದ್ದು ಸತ್ತಿತ್ತಂತೆ. ನಮಗಿಂತ ಮುಂಚೆ ಯಾವ ಹೆಂಗಸು ಹಾಯ್ದಳು ಅಂತ ಕೇಳಿದೆ. "ಯಾರೂ ಇಲ್ಲ ಕಣಕ್ಕ. ಈ ಅಣ್ಣ ಒಬ್ರೇ. ನೀನು ದಿಬ್ಬದ್ ತಾವ್ ಕಿವಿ ಮುಚ್ಕಂಡ್ ನಿಂತಿದ್ದೆ, ನಂಗ್ ಕಾಣ್ತಿತ್ತು" ಅಂದಳು.

ಫೋನು ಬರದೆ ಹೋಗಿದ್ದರೆ ನಾನೇ ನೇರ ನಡೆದು ಆ ಗುಂಡಿಗೆ ಹೋಗುತ್ತಿದ್ದೆ. ಹೆಜ್ಜೆ ಇಲ್ಲದೆ ಹೋಗಿದ್ದರೆ ಇವರು ಗಾಡಿ ಸಮೇತ ಹೋಗುತ್ತಿದ್ದರು. ಇವರಿಗೆ ಈಜು ಬರಲ್ಲ.

ಅಲ್ಲಿಂದ ನೇರ ಗುಂಡ್ಲುಪೇಟೆಗೆ ಗಾಡಿ ಬಿಟ್ಟರು. ಆಸ್ಪತ್ರೆ ಬಾಗಿಲಲ್ಲಿ ನರ್ಸಮ್ಮ, "ಏನಜ್ಜಿ, ನಾಟಿ ಮುಗಿಸ್ಕೊಂಡು ಬಂದ್ರಾ? ಮೊದ್ಲು ಕಾಲು ತೊಳೀರಿ" ಅಂತ ಗದರಿದರು. ನಲ್ಲಿ ಕೆಳಗೆ ಕರೀ ಕೆಸರು ಹರಿದುಹೋಗೋದನ್ನ ನೋಡುತ್ತಾ ನಿಂತೆ. ನನ್ನ ಕಣ್ಣಿಗಿದ್ದ ಸಾಕ್ಷಿ ಆ ಹೆಜ್ಜೆಗಳಷ್ಟೇ, ಅವನ್ನೂ ನಾನೇ ತುಳಿದು ಬಂದಿದ್ದೆ. ದೀಪ ಹಚ್ಚೋ ಹೊತ್ತಿಗೆ ಕೂಸು ಹುಟ್ಟಿತು. ಇವರು ಅದನ್ನ ಎತ್ತಿಕೊಂಡು ಅತ್ತರು.

ಆಮೇಲೆ ಈ ವಿಷಯ ಬಂದಾಗಲೆಲ್ಲ ಇವರದು ಒಂದೇ ಮಾತು: "ಗಾಬ್ರೀಲಿ ನೀನೇ ಓಗ್ ಬಂದಿದ್ದೀಯ, ಮರ್ತೋಗದೆ." ವಾಪಸ್ಸು ಬಂದ ಹೆಜ್ಜೆ ಎಲ್ಲಿ ಅಂದರೆ ಬೈಕು ಒರೆಸೋಕೆ ಎದ್ದು ಹೋಗುತ್ತಾರೆ. ಹಿಂದಿನ ವಾರದ್ದೇ ಉಳಿದಿರಬಹುದು ಅಂತ ಅಳಿಯ ಹೇಳಿದ. ವಾರವೆಲ್ಲ ಮಳೆ ಹೊಡೆದ ಕೆಸರಲ್ಲಿ ಹೆಜ್ಜೆ ಉಳಿಯುತ್ತಾ? ಹಿಂದಿನ ವಾರ ನಾನು ಬಳಸಿಕೊಂಡೂ ಹೋಗಿರಲಿಲ್ಲ. ಮಾದಪ್ಪನೇ ಬಂದದ್ದು ಅಂತ ಓರಗಿತ್ತಿ ಕೈಮುಗಿದಳು. ನಾನೂ ಮುಗಿದೆ. ಆದರೆ ಮಾದಪ್ಪ ಬರೋದಾದರೆ ತನ್ನ ಪಾದದಲ್ಲೇ ಬರಬಹುದಿತ್ತು, ನನ್ನ ಮೊಂಡುಬೆರಳು ಅವನಿಗೆ ಯಾಕೆ ಬೇಕಿತ್ತು? ಅದನ್ನ ಹುಡುಕೋ ಶಕ್ತಿ ಈಗಿಲ್ಲ.

ದಿನಾ ಬೆಳಿಗ್ಗೆ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ಎರೆಯುತ್ತೀನಿ. ಅವಳ ತಲೆ ನನ್ನ ಪಾದದ ಮೇಲಿರುತ್ತೆ. ಕೈ ಚಾಚಿದಾಗ ಆ ಅರ್ಧ ಬೆರಳು ಅವಳ ಮುಷ್ಟಿಗೆ ಸಿಗುತ್ತೆ, ಹಿಡಿದುಕೊಂಡರೆ ಬಿಡಲ್ಲ. ಅವಳು ಬಿಡೋವರೆಗೂ ನಾನು ಕಾಲು ಆಡಿಸದೆ ಕೂತಿರುತ್ತೀನಿ. ಈ ಕಾಲು ಆವತ್ತು ದಿಬ್ಬದ ಮೇಲಿತ್ತು, ಅದಂತೂ ನನಗೆ ಗೊತ್ತು. ಕೆಸರಿಗೆ ಇಳಿದದ್ದು ಯಾವುದೋ, ಅದು ಗೊತ್ತಿಲ್ಲ.