ಮುನಿತಾಯಮ್ಮನ ತೂತು ಸೇರು

ಕೆಂಗೇರಿಯಲ್ಲಿ ಮೈಸೂರು ರಸ್ತೆಯ ಪಕ್ಕ ಮುನಿತಾಯಮ್ಮನ ಪುರಿ ಅಂಗಡಿ ಇತ್ತು. ಅಂಗಡಿ ಎಂದರೆ ಒಂದು ಗರಿ ಚಪ್ಪರ, ಪುರಿಯ ಎರಡು ಚೀಲ, ಹುರಿಗಡಲೆಯ ಮಂಕರಿ, ಒಂದು ಹಿತ್ತಾಳೆ ಸೇರು. ಸಂಜೆ ಬಿಸಿ ಮರಳಲ್ಲಿ ಪುರಿ ಅರಳುವ ವಾಸನೆಗೆ ಬಸ್ಸು ಕಾಯುವವರು ರಸ್ತೆ ದಾಟಿ ಬರುತ್ತಿದ್ದರು. ಮೊದಲ ಸೇರನ್ನು ಆಕೆ ‘ಒಂದು’ ಎಂದು ಎಣಿಸಿದವಳೇ ಅಲ್ಲ. ‘ಲಾಭ’ ಎನ್ನುವಳು, ಆಮೇಲೆ ‘ಎರಡು’. ಗೋಪುರ ಬರುವಂತೆ ತುಂಬಿ ಸುರಿದು, ಮೇಲೊಂದು ಹಿಡಿ ಕೊಸರು.

ಆ ಸೇರಿಗೆ ಇನ್ನೊಂದು ಕೆಲಸವೂ ಇತ್ತು. ಬೀದಿಗೆ ಯಾವ ಹೊಸ ಸೊಸೆ ಬಂದರೂ ಹೊಸಿಲ ಮೇಲೆ ಅಕ್ಕಿ ತುಂಬಿ ಇಡುತ್ತಿದ್ದುದು ಅದನ್ನೇ. ಮುನಿತಾಯಮ್ಮನೂ ಅದನ್ನೇ ಬಲಗಾಲಲ್ಲಿ ಒದ್ದು ಒಳಗೆ ಬಂದವಳು. ಗಂಡ ಸತ್ತ ಮೇಲೆ ಅದೇ ಸೇರು ಹಿಡಿದು ಮಗ ಚಿಕ್ಕಣ್ಣನನ್ನು ಸಾಕಿದಳು. ಅವನ ಹೆಂಡತಿಯೂ ಅದನ್ನೇ ಒದ್ದು ಬರಬೇಕು ಎಂಬುದೊಂದೇ ಅವಳ ಆಸೆ.

ಐವತ್ತರ ದಶಕ ಮುಗಿಯುತ್ತ ಬಂದಾಗ ಕಿಲೋ ಕಾನೂನು ಬಂತು. ಬರಲಿ. ಊರಿಗೊಂದು ಸೇರು, ಸೇರಿಗೊಂದು ಮೋಸ ಇದ್ದ ಕಾಲ. ಕಾನೂನನ್ನು ನಾನು ಬಯ್ಯುವುದಿಲ್ಲ. ಜನಕ್ಕೆ ರೂಢಿಯಾಗುವವರೆಗೆ ಹಳೆ ಅಳತೆ ಬಳಸಲು ಅದೇ ಗಡುವನ್ನೂ ಕೊಟ್ಟಿತ್ತು. ಆದರೆ ಗಡುವಿನ ಮಾತನ್ನು ಮುನಿತಾಯಮ್ಮನಿಗೆ ಹೇಳಿದವರು ಯಾರು? ದೊಡ್ಡ ಮಂಡಿಗಳಲ್ಲಿ ಕಾಫಿ ಕುಡಿದು ಎದ್ದು ಬರುತ್ತಿದ್ದ ತೂಕ-ಅಳತೆ ಅಧಿಕಾರಿಗೆ ಕಾನೂನು ನೆನಪಾದದ್ದು ಈ ಚಪ್ಪರದ ಕೆಳಗೆ, ಚಿಕ್ಕಣ್ಣನ ಮದುವೆ ಹತ್ತಿರ ಬಂದಾಗ.

“ಇದನ್ನ ಇನ್ಮೇಲೆ ಬಳಸೋ ಹಾಗಿಲ್ಲಮ್ಮ.”

“ಬಳಸಾಕಿಲ್ಲ ಸೋಮಿ, ಮನೇಲಿ ಇಟ್ಕೊತೀನಿ. ಸೊಸೆ ಬರ್ತಾವ್ಳೆ.”

“ಸೊಸೆಗೂ ಸೇರಿಗೂ ಏನಮ್ಮ ಸಂಬಂಧ?”

ಅವನ ಹೆಂಡತಿಯೂ ಯಾವುದೋ ಸೇರು ಒದ್ದೇ ಬಂದವಳಿರಬೇಕು. ಆದರೂ ನಕ್ಕ. ಜವಾನನಿಗೆ ಹೇಳಿ ಉಳಿ ಇಡಿಸಿ ಬಡಿಸಿದ. ತಳದಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಬೆಸುಗೆ ಹಾಕಿಸಲು ಹೋದರೆ ಕಲಾಯಿಯವನು ಕಾನೂನಿಗೆ ಹೆದರಿ ಮುಟ್ಟಲೇ ಇಲ್ಲ.

ಮದುವೆ ಹತ್ತಿರದ ಉಲ್ಲಾಳದಲ್ಲಿ ಮುಗಿದು ಹೆಣ್ಣು ಗಂಡು ಕೆಂಗೇರಿಗೆ ಬಂದರು. ಹೊಸಿಲ ಮೇಲೆ ಅದೇ ಸೇರು. ತೂತಿಗೆ ವೀಳ್ಯದೆಲೆ ಹಾಸಿ ಮುನಿತಾಯಮ್ಮ ಅಕ್ಕಿ ತುಂಬಿದ್ದಳು. ಅವಳ ಗಂಡನ ಅಕ್ಕ ಪಾಪಮ್ಮನಿಗೆ ಅದು ಗೊತ್ತಿತ್ತು.

“ತೆಗಿಯೇ ಅದನ್ನ! ತೂತು ಸೇರಿಟ್ರೆ ಮನೆ ಐಶ್ವರ್ಯ ಎಲ್ಲಾ ಸೋರೋಗಲ್ವಾ? ಪಕ್ಕದ್ಮನೆ ಹನುಮಕ್ಕನ ಸೇರು ತಂದಿವ್ನಿ, ಇದನ್ನಿಡು.”

ಮುನಿತಾಯಮ್ಮ ಸೇರಿನ ಮೇಲೆ ಕೈ ಇಟ್ಟುಕೊಂಡೇ ಕೂತಳು. ಹಿಡಿದುಕೊಳ್ಳುವ ಧೈರ್ಯವಿಲ್ಲ, ಬಿಡುವ ಮನಸ್ಸಿಲ್ಲ. ಓಲಗದವರೂ ನಿಲ್ಲಿಸಿದರು.

ಸೆರಗಿನ ಗಂಟು ಹಿಡಿದು ನಿಂತಿದ್ದ ಮದುಮಗಳು ವೆಂಕಟಲಕ್ಷ್ಮಮ್ಮ ತಲೆ ತಗ್ಗಿಸಿಕೊಂಡೇ ಅಂದಳು: “ಹೆಂಗಿದ್ರೂ ಒದ್ದು ಚೆಲ್ಲೋದೇ ಅಲ್ವಾ ದೊಡ್ಡಮ್ಮ? ತೂತಿದ್ರೇನಂತೆ.”

ಇಡೀ ಬೀದಿ ನಕ್ಕಿತು. “ಬಾಯಿ ಐತೆ ಕಣೇ ನಿನ್ ಸೊಸೆಗೆ!” ಎಂದು ಪಾಪಮ್ಮನೇ ಹಿಂದೆ ಸರಿದಳು. ಬಲಗಾಲ ಬೆರಳು ತಾಗಿತು, ಅಕ್ಕಿ ನಡುಮನೆಯವರೆಗೂ ಹರಡಿತು.

“ಲಾಭ,” ಎಂದಳು ಮುನಿತಾಯಮ್ಮ.

ಮುಂದೆ ಚಪ್ಪರಕ್ಕೆ ತಕ್ಕಡಿ ಬಂತು, ಕಿಲೋ ಬಟ್ಟು ಬಂತು. ತಕ್ಕಡಿ ಸಮ ನಿಂತ ಮೇಲೂ ಒಂದು ಹಿಡಿ ಪುರಿ ಸುರಿಯುವುದನ್ನು ಆಕೆ ಬಿಡಲಿಲ್ಲ. ಸೇರು ಅಟ್ಟ ಸೇರಿತು. ಬೀದಿಯಲ್ಲಿ ಮದುವೆಯಾದಾಗಲೆಲ್ಲ ಯಾರಾದರೂ ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು, “ಮುನಿತಾಯಕ್ಕ, ಆ ತೂತು ಸೇರು ಒಸಿ ಕೊಡ್ತೀಯಾ?” ಎಂದು.