ಆಜ್ಞೆ ಅವನ ಕೈಗೇ ಸೇರಬೇಕಿತ್ತು

ಬಾಗಿಲಣ್ಣ ಬುಧವಾರ ಮಧ್ಯಾಹ್ನ ತೀರಿಕೊಂಡ. ಹೃದಯಾಘಾತ. ಕೋರ್ಟಿನ ಅಮೀನನಾಗಿದ್ದ. ಸಮನ್ಸು, ನೋಟೀಸು, ಆಜ್ಞೆಗಳನ್ನು ಜನರ ಕೈಗೆ ಮುಟ್ಟಿಸುವುದು ಅವನ ಕೆಲಸ. ಊರಿನ ಅರ್ಧದಷ್ಟು ಬಾಗಿಲುಗಳನ್ನು ತಟ್ಟಿದ್ದರಿಂದ ಆ ಅಡ್ಡಹೆಸರು ಬಂತು. ಸಾವಿಗೆ ಬಂದವರೆಲ್ಲ ಅವನ ತಾಳ್ಮೆಯನ್ನು ಹೊಗಳಿದರು. ತಾಳ್ಮೆ ಅವನಿಗೆ ಇರಲೇ ಇಲ್ಲ. ಕೋರ್ಟಿನ ಹಿಂದಿನ ಕಲ್ಲುಬೆಂಚಿನ ಮೇಲೆ ದಿನವೂ ಊಟದ ಡಬ್ಬಿ ಬಿಚ್ಚುತ್ತ ಲೋಕವನ್ನೆಲ್ಲ ಬೈಯುತ್ತಿದ್ದ. ನಾನು ಕೇಳುತ್ತಿದ್ದೆ.

ಈಚೆಗೆ ಅವನ ಬೈಗುಳವೆಲ್ಲ ಒಬ್ಬನಿಗೇ ಮೀಸಲಾಗಿತ್ತು. ಹೊಲಿಗೆ ಕೆಲಸ ಮಾಡುವ ಹೆಂಗಸೊಬ್ಬಳ ಗಂಡ. ಅವನು ಅವಳ ಕೈ ಮುರಿದಿದ್ದ. ಮನೆಯ ಹತ್ತಿರ ಸುಳಿಯಕೂಡದೆಂದು ಜಡ್ಜರು ತಡೆಯಾಜ್ಞೆ ಕೊಟ್ಟರು. ಆದರೆ ಆ ಆಜ್ಞೆ ಅವನ ಕೈ ಸೇರುವವರೆಗೆ ಪೊಲೀಸರು ಅವನನ್ನು ಹಿಡಿಯುವಂತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಸಂಜೆ ಬಂದು ಕಿಟಕಿ ಗುದ್ದಿ ಹೋಗುತ್ತಿದ್ದ. ಬಾಗಿಲಣ್ಣ ಕಾದು ಕೂತ ಸಂಜೆಗಳಲ್ಲಿ ಗಂಡ ಬೀದಿಯ ತುದಿಯಿಂದ ಇವನ ಲಟಾರಿ ಸ್ಕೂಟರ್ ಕಂಡು ಅಲ್ಲಿಂದಲೇ ಕಂಬಿ ಕೀಳುತ್ತಿದ್ದ.

ಆಜ್ಞೆಯಲ್ಲಿದ್ದ ಗಂಡನ ವಿಳಾಸವೋ, ಅವಳ ಮನೆಯದೇ! ಅವನು ಎಲ್ಲಿ ಕಾಲಿಡಬಾರದೋ ಅಲ್ಲೇ ಅವನನ್ನು ಹುಡುಕಬೇಕು. ಬಾಗಿಲಣ್ಣ ಗುಮಾಸ್ತರ ಮೇಜಿನ ಮುಂದೆ ನಿಂತ.

"ಸಾರ್, ವಿಳಾಸ ತಿದ್ದಿಸಿ ಕೊಡಿ."

"ಆಳು ಸಿಗದಿದ್ರೆ ಬಾಗಿಲಿಗೆ ಅಂಟಿಸಿ ವರದಿ ಬರೀರಿ. ನಿಯಮ ಇದೆಯಲ್ಲ."

"ಯಾರ ಬಾಗಿಲಿಗೆ?"

"ಆಜ್ಞೆಯಲ್ಲಿರೋ ಬಾಗಿಲಿಗೆ. ಇದೂ ನಾನೇ ಹೇಳ್ಬೇಕಾ?"

ಸಿಟ್ಟು ನೆತ್ತಿಗೇರಿದಾಗ ಬಾಗಿಲಣ್ಣ ನಿಯಮವನ್ನು ಅಕ್ಷರ ಬಿಡದೆ ಪಾಲಿಸುತ್ತಿದ್ದ. ಗುಮಾಸ್ತರಿಗೆ ಬುದ್ಧಿ ಬರಲೆಂದು, ಗೋಂದು ಬಳಿದು ಅವಳ ಬಾಗಿಲಿಗೇ ಅಂಟಿಸಿ ಬಂದ. ಗುಮಾಸ್ತರಿಗೆ ಬುದ್ಧಿ ಬರಲಿಲ್ಲ. ಬೀದಿಯವರು ಮಾತ್ರ ಕೋರ್ಟಿನ ಮೊಹರು ನೋಡಿ, ಅವಳದೇ ಏನೋ ಹಗರಣವೆಂದುಕೊಂಡು ಬಟ್ಟೆ ಕೊಡುವುದನ್ನು ನಿಲ್ಲಿಸಿದರು. ಗಂಡ ಆ ಮನೆಯಲ್ಲೇ ಇಲ್ಲವಾದ್ದರಿಂದ ಈ ಜಾರಿ ನಡೆಯುವುದಿಲ್ಲವೆಂದು ಜಡ್ಜರು ವರದಿಯನ್ನು ವಾಪಸು ಮಾಡಿದರು.

ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ಕೈ ಇಳಿಬಿಟ್ಟುಕೊಂಡು ಅವಳು ನಮ್ಮ ಬೆಂಚಿನ ಹತ್ತಿರವೇ ಬಂದಳು.

"ಅವನನ್ನ ಮನೆಯಿಂದ ದೂರ ಇಡಿ ಅಂತ ಕೋರ್ಟಿಗೆ ಬಂದೆ. ನೀವು ಅವನ ಕಾಗದ ತಂದು ನನ್ನ ಬಾಗಿಲಿಗೆ ಮೆತ್ತಿದ್ರಿ. ಮನಸ್ಸಾದ್ರೂ ಹೇಗೆ ಬಂತು ಅಣ್ಣಾ?"

ಬಾಗಿಲಣ್ಣ ಡಬ್ಬಿಯನ್ನು ಅಲ್ಲೇ ಬಿಟ್ಟು ಎದ್ದು ಹೋದ.

ಮರುದಿನದಿಂದ ಹುಡುಕಾಟ. ಗಂಡನ ತಾಯಿ, "ಈಗ ತಾನೇ ಎದ್ದು ಹೋದ, ನೋಡಿ, ಹಾಸಿಗೆ ಇನ್ನೂ ಬೆಚ್ಚಗಿದೆ" ಎಂದಳು.

"ಎಲ್ಲಿಗೆ ಹೋದ ಅಜ್ಜಿ?"

"ಹೇಳಿ ಹೋಗೋ ಬುದ್ಧಿ ಇದ್ದಿದ್ರೆ ನೀವ್ಯಾಕಪ್ಪ ಬರ್ತಿದ್ರಿ?"

ಗ್ಯಾರೇಜಿನ ಗೆಳೆಯನೂ ಈಗ ತಾನೇ ನೋಡಿದ್ದ. "ಊರಲ್ಲಿ ಎಲ್ಲರೂ ಈಗ ತಾನೇ ನೋಡಿದವರೇ ಕಣೋ. ಕುರುಡ ಅಂದ್ರೆ ನಾನೊಬ್ಬನೇ," ಎಂದು ಬಾಗಿಲಣ್ಣ ನನ್ನ ಮೇಲೆ ಹರಿಹಾಯ್ದ.

ಕೊನೆಗೆ ಸುಳಿವು ಕೊಟ್ಟವಳು ಆ ಹೊಲಿಗೆಯವಳೇ. ಗಂಡ ತಾನಾಗಿ ಗಡ್ಡ ಹೆರೆದುಕೊಳ್ಳುವುದಿಲ್ಲವಂತೆ. ಸ್ವಂತ ರಕ್ತ ಕಂಡರೆ ತಲೆ ಸುತ್ತಿ ಬೀಳುತ್ತಾನಂತೆ. ಹೆಂಡತಿಯ ಕೈ ಮುರಿದ ಗಂಡಸು! ಬಾಗಿಲಣ್ಣ ಸ್ಕೂಟರನ್ನು ಮನೆಯಲ್ಲೇ ಬಿಟ್ಟು, ಉರಿಬಿಸಿಲಿನಲ್ಲಿ ಊರಿನ ಕ್ಷೌರದಂಗಡಿಗಳನ್ನು ಒಂದೊಂದಾಗಿ ನಡೆದೇ ಸುತ್ತಿದ. ಎದೆ ಹಿಡಿದಂತಾಗುತ್ತಿದೆ ಎಂದು ಹೆಂಡತಿಗೆ ಹೇಳಿದ್ದನಂತೆ. ನನಗೆ ಹೇಳಲಿಲ್ಲ.

ಮುಂದಿನದನ್ನು ನನಗೆ ಹೇಳಿದವನು ಬಸ್ ನಿಲ್ದಾಣದ ಹಿಂದಿನ ಕ್ಷೌರಿಕ. ಆ ಬುಧವಾರ ಮಧ್ಯಾಹ್ನ ಅವನ ಕುರ್ಚಿಯಲ್ಲಿ ಒಬ್ಬ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದ. ಬಾಗಿಲಣ್ಣ ಒಳಗೆ ಬಂದು ಅವನ ಹೆಸರು ಹಿಡಿದು ಕೂಗಿದ.

"ನಾನು ಅವನಲ್ಲ."

"ಅಲ್ಲಾಡಬೇಡ ಮಾರಾಯ, ಕತ್ತಿ ಕುತ್ತಿಗೆ ಮೇಲಿದೆ!" ಎಂದ ಕ್ಷೌರಿಕ. "ನೀನಲ್ಲದೆ ಇನ್ಯಾರು? ಹೋದ ವಾರ ಇದೇ ಹೆಸರು ಹೇಳಿ ಸಾಲ ಬರೆಸಿ ಹೋದೆಯಲ್ಲ?"

ಬಾಗಿಲಣ್ಣ ಆಜ್ಞೆಯನ್ನು ಓದಿ ಹೇಳಿ, ಗಂಡನ ಕೈಗೆ ತುರುಕಿದ. ಕ್ಷೌರಿಕ ಸಾಕ್ಷಿಯ ರುಜು ಹಾಕಿದ. ಗಂಡ ಅರ್ಧ ಬೋಳಿಸಿದ ಮುಖದಲ್ಲೇ ಹೊರಗೆ ನಡೆದ. ಬಾಗಿಲಣ್ಣ ಬೆಂಚಿನ ಮೇಲೆ ಕುಸಿದು, ನೀರು ಕೇಳಿ ಕುಡಿದು, ಹೊಲಿಗೆಯವಳಿಗೆ ಫೋನ್ ಮಾಡಿದ.

"ಕೊಟ್ಟೆ ತಂಗಿ. ಇನ್ನು ಆ ಕಡೆ ತಲೆ ಹಾಕಿದ್ರೆ ಸ್ಟೇಷನ್ನಿಗೆ ಹೇಳು, ಹಿಡೀತಾರೆ."

ಅವಳು ಏನೋ ಕೇಳಿದಳು.

"ಅವನ ಕೈಗೇ ಕೊಟ್ಟೆ ಅಂತಿದ್ದೀನಲ್ಲಮ್ಮ! ಬಾಗಿಲಿಗಲ್ಲ, ಕೈಗೆ!"

ಅವಳು ಮತ್ತೆ ಕೇಳಿದಳು. ಬಾಗಿಲಣ್ಣ ಹಣೆ ಚಚ್ಚಿಕೊಂಡ. "ನಾನು ಹೇಳಿದ್ರೆ ನಂಬಲ್ವಂತೆ. ನೀನೇ ಹೇಳಪ್ಪ," ಎಂದು ಫೋನನ್ನು ಕ್ಷೌರಿಕನ ಕಡೆಗೆ ಚಾಚಿದ.