ಹಂಡೆ ತಿಕ್ಕುವಾಗ ಆಡಿದ ಮಾತು

ಆರ್ಲೀನ್ ಮೆಲ್ಕೋನಿಯನ್‌ಗೆ ಐವತ್ತೊಂಬತ್ತು. ಕ್ಯಾಲಿಫೋರ್ನಿಯಾದ ನಡುಬಯಲಿನಲ್ಲಿ, ಹಸುವಿನ ಕೊಟ್ಟಿಗೆಗಳ ನಡುವೆ ಚದುರಿಕೊಂಡ ಹನ್ನೊಂದು ಶಾಲಾ ಮಂಡಳಿಗಳಿಗೂ ಎರಡು ನೀರಿನ ಮಂಡಳಿಗಳಿಗೂ ಅವಳೇ ವಕೀಲೆ. ಕೋರ್ಟಿನಲ್ಲಿ ಗುಡುಗುವ ವಕೀಲೆಯಲ್ಲ. ಕೋರ್ಟಿನ ಮೆಟ್ಟಿಲು ಹತ್ತಿ ಒಂಬತ್ತು ವರ್ಷವಾಗಿತ್ತು. ಅವಳ ಕೆಲಸವೆಲ್ಲ ಬೇಡ ಅನ್ನುವುದು. ಮೂರು ದಿನ ಮುಂಚೆ ಬಾಗಿಲಿಗೆ ಸೂಚನೆ ಅಂಟಿಸದೆ ಸಭೆ ಮಾಡಬೇಡಿ. ಸೂಚನೆಯಲ್ಲಿಲ್ಲದ ವಿಷಯ ಎತ್ತಬೇಡಿ. ಅಳಿಯನಿಗೆ ಬಸ್ಸಿನ ಗುತ್ತಿಗೆ ಕೊಡಬೇಡಿ. ಇಪ್ಪತ್ತಾರು ವರ್ಷ ಹೇಳಿ ಹೇಳಿ ಗಂಟಲು ಒಣಗಿತ್ತು. ಕೇಳಿದವರು ಭಕ್ತಿಯಿಂದ ತಲೆಯಾಡಿಸಿ, ಮರುತಿಂಗಳು ಅದನ್ನೇ ಮಾಡುತ್ತಿದ್ದರು. ಎಂಥಾ ಜನವೋ!

ಎಲ್ಲಕ್ಕಿಂತ ಹೆಚ್ಚು ಸಲ ಹೇಳಿದ್ದು ಒಂದೇ ಮಾತು. ಮಂಡಳಿಯ ಐವರಲ್ಲಿ ಮೂವರು ಎಲ್ಲೇ ಸೇರಿ ಮಂಡಳಿಯ ವಿಷಯ ಮಾತಾಡಿದರೂ ಅದು ಸಭೆಯೇ. ಊರವರು ಕೂತು ಕೇಳಲಾಗದ ಜಾಗದಲ್ಲಿ ಆ ಮಾತು ಕೂಡದು. ದೊಡ್ಡ ಊರಿನಲ್ಲಿ ಇದನ್ನು ಪಾಲಿಸಬಹುದು. ಕ್ರೌನ್ ಕಾಲನಿಯಂಥ ಕಡೆ ಏನು ಮಾಡುವುದು? ಅಲ್ಲಿ ಐವರೂ ಪೋರ್ಚುಗೀಸ್ ಹೈನುಗಾರರ ಮಕ್ಕಳು, ಎಲ್ಲರಿಗೂ ಒಂದೇ ಚರ್ಚು, ಒಬ್ಬರೇ ದನದ ಡಾಕ್ಟರು. ಸಾಲದ್ದಕ್ಕೆ ಅರ್ಧ ಜನ ಒಬ್ಬರಿಗೊಬ್ಬರು ಬೀಗರು.

ಆ ಕಾಲನಿಯ ಶಾಲೆಯಲ್ಲಿ ಮೂವತ್ತೆಂಟು ಮಕ್ಕಳು. ಅಷ್ಟು ಸಣ್ಣ ಶಾಲೆ ಬೇಡವೆಂದು, ಜೂನ್ ಕೊನೆಗೆ ಮುಚ್ಚುವುದೆಂದು ಹಿಂದಿನ ವರ್ಷವೇ ತೀರ್ಮಾನವಾಗಿತ್ತು. ಉಳಿಸಬೇಕಾದರೆ ಅಷ್ಟರೊಳಗೆ ಮಂಡಳಿಯಲ್ಲಿ ಮೂರು ಕೈ ಏಳಬೇಕು. ಮೇ ತಿಂಗಳ ಸಭೆಯಲ್ಲಿ, ಯಾರೂ ನಿರೀಕ್ಷಿಸದಂತೆ, ಮೂರು ಕೈ ಎದ್ದವು. ತಾಯಂದಿರು ಅತ್ತೇಬಿಟ್ಟರು.

ಮರುವಾರ ಮಂಡಳಿಯ ಅಧ್ಯಕ್ಷೆ, ಎಪ್ಪತ್ತೊಂದರ ಇಡಾಲಿನಾ ಸಿಲ್ವೇರಾ, ಫೋನ್ ಮಾಡಿದಳು.

"ನಿನಗೆ ಅಂತ ಸಿಹಿ ಬ್ರೆಡ್ ಮಾಡಿಟ್ಟಿದೀನಿ ಕಣೇ ಆರ್ಲೀನ್, ಬಂದು ತಗೊಂಡ್ಹೋಗು. ಶಾಲೆ ಉಳೀತಲ್ಲ!"

"ಉಳೀತು. ಅವೆಲಿನೋ ಮುಚ್ಚೋಣ ಅಂತಿದ್ದೋರು, ಅದ್ಹೇಗೆ ಕೈ ಎತ್ತಿದ್ರು?"

"ಅಯ್ಯೋ, ಅವನು ಒಪ್ಪಿದ್ದು ಚರ್ಚಿನ ಅಡುಗೆಮನೇಲಿ! ಭಾನುವಾರದ ಊಟ ಮುಗಿದ್ಮೇಲೆ ಅವನು, ನಾನು, ಗಿಲ್ ಮೂರೂ ಜನ ಸಾರಿನ ಹಂಡೆ ತಿಕ್ತಾ ಇದ್ವಿ. ನಿನ್ನ ಮೊಮ್ಮಗಳು ದಿನಾ ಮುಕ್ಕಾಲು ಗಂಟೆ ಬಸ್ಸಲ್ಲಿ ಕೂರ್ಬೇಕೇನೋ ಅಂತ ಜಾಡಿಸಿದೆ ನೋಡು. ಹಂಡೆ ಬೋರಲು ಹಾಕೋ ಹೊತ್ಗೆ ಹೂಂ ಅಂದ."

ಆರ್ಲೀನ್ ಹಣೆ ಹಿಡಿದುಕೊಂಡಳು.

"ಬ್ರೆಡ್ಡಿಗೆ ಯಾವಾಗ ಬರ್ತೀಯೇ?"

"ಬ್ರೆಡ್ಡು ಆಮೇಲೆ ತಗೋತೀನಿ," ಅಂದಳು.

ಸುಮ್ಮನಿರಬಹುದಿತ್ತು. ತೊಂಬತ್ತು ದಿನದೊಳಗೆ ಯಾರೂ ತಕರಾರು ಎತ್ತದಿದ್ದರೆ ಆ ಮತ ಗಟ್ಟಿ. ಎರಡು ದಿನ ಅವಳು ಸುಮ್ಮನೇ ಇದ್ದಳು, ನಿದ್ದೆಯಿಲ್ಲದೆ. ಆದರೆ ಸೋತ ಇಬ್ಬರೂ ಮಂಡಳಿಯವರೇ, ಅವರಿಗೂ ಅವಳೇ ವಕೀಲೆ. ಬೆನ್ನ ಹಿಂದೆ ಎಲ್ಲ ಮುಗಿದಿತ್ತೆಂದು ಅವರಿಗೆ ಗೊತ್ತೇ ಇಲ್ಲ. ಅವರ ಮುಖ ನೋಡಿಕೊಂಡು ಇನ್ನು ಎಷ್ಟು ವರ್ಷ ಕೂರುವುದು? ಮತವನ್ನು ಕೈಬಿಟ್ಟು, ತಪ್ಪು ಒಪ್ಪಿಕೊಂಡು, ಎಲ್ಲರೆದುರು ಹೊಸದಾಗಿ ಕೈ ಎತ್ತಿ ಎಂದು ಮಂಡಳಿಗೆ ಬರೆಯಲು ಕೂತಳು. ಅದೇ ಮೂರು ಕೈ ಮತ್ತೆ ಏಳುತ್ತವೆ, ಶಾಲೆಗೇನೂ ಆಗುವುದಿಲ್ಲ ಎಂದು ಧೈರ್ಯ ತಂದುಕೊಂಡಳು.

ಇಂಥ ಪತ್ರ ಅವಳು ಎಂಟು ಬಾರಿ ಬರೆದಿದ್ದಳು. ಕಂಪ್ಯೂಟರಿನಲ್ಲಿ ಹಳೆಯದು ಇತ್ತು. ಹೊಸದಾಗಿ ಒಂದು ಸಾಲು ಬರೆಯುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ. ಹೆಸರು ಬದಲಿಸಿ, ತಾರೀಖು ಬದಲಿಸಿ ಕಳಿಸಿಬಿಟ್ಟಳು.

ಜೂನ್ ಹದಿನೆಂಟರ ಸಭೆಯಲ್ಲಿ ಇಡಾಲಿನಾ ಅದನ್ನು ಗಟ್ಟಿಯಾಗಿ ಓದಬೇಕಾಯಿತು. "ಸದಸ್ಯರಾದ ಸಿಲ್ವೇರಾ, ಮಶಾಡೊ ಮತ್ತು ನ್ಯೂನೆಸ್ ಅವರು ಸಾರ್ವಜನಿಕರಿಂದ ಮರೆಮಾಚಿ, ಕಾನೂನುಬಾಹಿರವಾಗಿ ಸೇರಿ..." ಓದುತ್ತ ಓದುತ್ತ ಅವಳ ದನಿ ಕುಸಿಯಿತು. ನ್ಯೂನೆಸ್ ಎಂದರೆ ಗಿಲ್, ಮಶಾಡೊ ಎಂದರೆ ಅವೆಲಿನೋ. ಎಪ್ಪತ್ತನಾಲ್ಕು ವರ್ಷ, ಮೂವತ್ತು ವರ್ಷದಿಂದ ಮಂಡಳಿಯಲ್ಲಿದ್ದವನು. ಮೊಮ್ಮಗಳು ಮೊದಲ ಸಾಲಿನಲ್ಲೇ ಕೂತಿದ್ದಳು.

"ಹಾಗಂದ್ರೆ ನಾನು ಕಳ್ಳ ಅಂತಾಯ್ತು, ಅಲ್ವಾ ವಕೀಲಮ್ಮ?"

"ಕಳ್ಳ ಅಂತ ಯಾರಂದ್ರು? ಇನ್ನೊಂದ್ಸಲ ಕೈ ಎತ್ತಿದ್ರೆ ಮುಗೀತು."

"ಮರೆಮಾಚಿ ಅಂತ ಬರ್ದಿದೀರಲ್ರೀ! ಹಂಡೆ ತಿಕ್ತಾ ಇದ್ದೆ ನಾನು."

ತನ್ನ ಹೆಸರಿನ ಫಲಕವನ್ನು ಬೋರಲು ಮಲಗಿಸಿ, ಮೊಮ್ಮಗಳ ಕೈಹಿಡಿದು ಎದ್ದುಹೋದ. ಆರ್ಲೀನ್ ಹಿಂದೆಯೇ ಓಡಿದಳು. ಅವನ ಗಾಡಿ ಆಗಲೇ ಗೇಟು ದಾಟಿತ್ತು. ಮೇ ತಿಂಗಳ ಮತ ರದ್ದಾಯಿತು; ಹೊಸದರಲ್ಲಿ ಶಾಲೆಯ ಪರವಾಗಿ ಎದ್ದದ್ದು ಎರಡು ಕೈ, ವಿರುದ್ಧ ಎರಡು. ಮರುದಿನ ಅವನ ರಾಜೀನಾಮೆ ಬಂತು, ಒಂದೇ ಸಾಲು. ಆ ಜಾಗಕ್ಕೆ ಹೊಸಬರನ್ನು ತರುವುದಕ್ಕೂ ಸೂಚನೆ ಅಂಟಿಸಬೇಕು, ದಿನ ಕಾಯಬೇಕು. ಜೂನ್ ಮೂವತ್ತು ಯಾರಿಗೆ ಕಾಯುತ್ತದೆ?

ಶಾಲೆಯ ಕೊನೆಯ ಮಧ್ಯಾಹ್ನ, ಮುಚ್ಚುವ ಸೂಚನೆ ಸರಿಯಾಗಿ ಅಂಟಿಸಿದ್ದಾರೋ ಎಂದು ನೋಡಲು ಆರ್ಲೀನ್ ಹೋದಳು. ಗೇಟಿನ ಬಳಿ ಮೊಮ್ಮಗಳಿಗಾಗಿ ಕಾಯುತ್ತ ಅವೆಲಿನೋ ಅದನ್ನೇ ಓದುತ್ತಿದ್ದ.

"ಈ ಸಲ ಏನೂ ತಪ್ಪಿಲ್ವಾ ವಕೀಲಮ್ಮ?"

"ಇಲ್ಲ. ಎಲ್ಲಾ ಸರಿಯಾಗಿದೆ."

"ಗೊತ್ತಿಲ್ದೆ ಆಯ್ತು, ಹಂಡೆ ತಿಕ್ತಾ ಮಾತಾಡಿದ್ರು ಅಂತ ಬರ್ದಿದ್ರೆ ನಾನು ಎದ್ದು ಹೋಗ್ತಿರ್ಲಿಲ್ಲ."

"ಗೊತ್ತು," ಅಂದಳು ಆರ್ಲೀನ್. "ಹಳೇ ಕಾಗದ ಅವೆಲಿನೋ. ಸುಸ್ತಾಗಿತ್ತು ನಂಗೆ. ಓದಿ ಕೂಡ ನೋಡ್ಲಿಲ್ಲ."

ಗಂಟೆ ಹೊಡೆಯಿತು, ಮೂವತ್ತೆಂಟು ಮಕ್ಕಳು ಕೂಗಾಡುತ್ತ ಹೊರಗೆ ಬಂದರು.